ಸಮುದ್ರದಾಚೆಯಿಂದ ಒಪ್ಪಿಸಿದ ಪಾಠ

2003ರಲ್ಲಿ ನಾನು ಹೈದರಾಬಾದಿನ ಒಂದು ವಿಶ್ವವಿದ್ಯಾಲಯದ ಸಮಾಜಶಾಸ್ತ್ರ ವಿಭಾಗದಲ್ಲಿ ರೀಡರ್ ಆಗಿದ್ದೆ. ರೀಡರ್ ಎಂದರೆ ಈಗಿನವರಿಗೆ ತಿಳಿಯಲಿಕ್ಕಿಲ್ಲ. ಲೆಕ್ಚರರಿಗಿಂತ ಮೇಲೆ, ಪ್ರೊಫೆಸರರಿಗಿಂತ ಕೆಳಗೆ, ಇಬ್ಬರ ಕೆಲಸವೂ ಬಂದು ಬೀಳುತ್ತಿದ್ದ ಹುದ್ದೆ ಅದು. ಆ ವರ್ಷ ನಮ್ಮ ವಿಭಾಗಕ್ಕೆ ಹೊರದೇಶದ ಒಂದು ವಿಶ್ವವಿದ್ಯಾಲಯದ ಜೊತೆ ಸೇರಿ ಮಾಡುವ ದೊಡ್ಡ ಅಧ್ಯಯನವೊಂದು ಸಿಕ್ಕಿತು. ಧಾರ್ಮಿಕ ಶ್ರದ್ಧೆ ಮತ್ತು ಜಾಗತೀಕರಣ ಒಂದರ ಮೇಲೊಂದು ಬೀರುವ ಪ್ರಭಾವ ಅದರ ವಿಷಯ. ಹೆಸರು ಭಾರವಾಗಿದ್ದರೂ ಪ್ರಶ್ನೆ ಸರಳವಾಗಿತ್ತು. ಊರಿನ ಪಶ್ಚಿಮಕ್ಕೆ ಬಂಡೆಗಳನ್ನು ಸಿಡಿಸಿ ಗಾಜಿನ ಕಟ್ಟಡಗಳನ್ನು ಎಬ್ಬಿಸುತ್ತಿದ್ದ ಕಾಲ. ಮನೆಮನೆಗೆ ಇಂಟರ್‌ನೆಟ್ ಬರುತ್ತಿತ್ತು. ಇದೆಲ್ಲದರ ನಡುವೆ ಜನ ದೇವರನ್ನು ಹೇಗೆ ನಂಬುತ್ತಿದ್ದಾರೆ, ಆ ನಂಬಿಕೆ ಈ ಹೊಸ ಲೋಕವನ್ನು ಹೇಗೆ ಬಳಸಿಕೊಳ್ಳುತ್ತಿದೆ ಎಂಬುದನ್ನು ನಾವು ನೋಡಬೇಕಿತ್ತು.

ಕೆಲಸ ಶುರುಮಾಡುವ ಮೊದಲು ಇಂಥ ಅಧ್ಯಯನಕ್ಕೆ ಒಂದು ಹೈಪಾಥಿಸಿಸ್, ಅಂದರೆ ಪರೀಕ್ಷಿಸಿ ನೋಡಬೇಕಾದ ಊಹೆ, ಬರೆದುಕೊಳ್ಳುವುದು ಪದ್ಧತಿ. ಯಂತ್ರದ ಮೂಲಕ ಹಾದುಹೋಗುವ ಶ್ರದ್ಧೆ ತೆಳುವಾಗುತ್ತದೆ ಎಂದು ನಾವು ಬರೆದುಕೊಂಡಿದ್ದೆವು. ಗುರುವಿನ ಎದುರು ಕೂತು ಕಲಿಯುವುದಕ್ಕೂ ತಂತಿಯ ಮೇಲೆ ಕಲಿಯುವುದಕ್ಕೂ ಅಜಗಜಾಂತರ ಇರಲೇಬೇಕು ಎಂದು ನನಗೂ ಅನ್ನಿಸಿತ್ತು.

ನನ್ನ ಪಾಲಿಗೆ ಎರಡು ಕೆಲಸ ಬಂದವು. ಶನಿವಾರಗಳಂದು ಒಂದು ಸಾಫ್ಟ್‌ವೇರ್ ಕಂಪನಿಗೆ ಹೋಗಿ ಅಲ್ಲಿಯ ನೌಕರರ ಹಬ್ಬ, ಹರಕೆ, ಉಪವಾಸಗಳ ಬಗ್ಗೆ ಸಂದರ್ಶನ ಮಾಡುವುದು ಒಂದು. ಇಂಟರ್‌ನೆಟ್ ಮೂಲಕ ಧರ್ಮಪಾಠ ಹೇಳಿಕೊಡುವವರನ್ನು ಹುಡುಕುವುದು ಇನ್ನೊಂದು. ಎರಡನೆಯದನ್ನು ನನಗೇ ಕೊಟ್ಟದ್ದಕ್ಕೆ ಕಾರಣವಿತ್ತು. ನನ್ನ ತಂದೆ ಕೇಂದ್ರ ಸರ್ಕಾರದ ಕಾರ್ಖಾನೆಯೊಂದರ ಕೆಲಸಕ್ಕೆಂದು ಬೀದರಿನಿಂದ ಬಂದು ಹೈದರಾಬಾದಿನಲ್ಲೇ ನೆಲೆಸಿದವರು. ಮನೆಯೊಳಗೆ ಕನ್ನಡ, ಶಾಲೆಯಲ್ಲಿ ತೆಲುಗು, ಬಜಾರಿನಲ್ಲಿ ದಖನಿ ಉರ್ದು ಮಾತಾಡಿ ಬೆಳೆದವಳು ನಾನು. ಬುರ್ಖಾ ಹಾಕಿದ ಹೆಂಗಸರ ಮನೆಯ ಒಳಕೋಣೆಗೆ ಹೋಗಿ ಕೂತು ಮಾತಾಡಲು ವಿಭಾಗದಲ್ಲಿ ಬೇರೆ ಯಾರಿಗೂ ಆಗುತ್ತಿರಲಿಲ್ಲ.

ಮೆಹದಿಪಟ್ಟಣಂ ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಯೂಸುಫ್ ಭಾಯಿ ಎಂಬವರ ಬುರ್ಖಾ ಹೊಲಿಯುವ ಅಂಗಡಿ ಇತ್ತು. ಅವರ ತಂಗಿ ಅಮೆರಿಕದ ಮಕ್ಕಳಿಗೆ ಪಾಠ ಹೇಳುತ್ತಾಳೆ ಎಂದು ಯಾರೋ ಹೇಳಿದ್ದರಿಂದ ಒಂದು ಮಧ್ಯಾಹ್ನ ಅಲ್ಲಿಗೆ ಹೋದೆ. ಅಂಗಡಿಯ ಹಿಂದೆಯೇ ಮನೆ, ನಡುವೆ ಒಂದು ಪರದೆ. ನಾನು ದಖನಿಯಲ್ಲಿ ಬಂದ ಉದ್ದೇಶ ಹೇಳಿದೆ. ಯೂಸುಫ್ ಭಾಯಿ ಗಡ್ಡ ಸವರಿಕೊಂಡರು. ಆಗ ಪರದೆಯ ಹಿಂದಿನಿಂದ ಒಂದು ಹೆಣ್ಣುದನಿ ಕನ್ನಡದಲ್ಲಿ ಹೇಳಿತು:

"ಅಣ್ಣಾ, ಯುನಿವರ್ಸಿಟಿ ಮಂದಿ ಅಂದ್ರ ಭಾಳ ಪ್ರಶ್ನಾ ಕೇಳ್ತಾರ. ಚಾ ಕುಡಿಸಿ ಕಳಿಸಿಬಿಡು."

"ಚಾ ಕುಡೀತೀನ್ರಿ. ಆದರ ಅಷ್ಟಕ್ಕ ಹೋಗಾಕಿ ಅಲ್ಲ ನಾನು," ಎಂದೆ.

ಪರದೆಯ ಹಿಂದೆ ನಗು ಉಕ್ಕಿತು. ಅವರು ರಾಯಚೂರಿನವರು. ಹೈದರಾಬಾದಿನಲ್ಲಿ ಪರರ ಎದುರು ಗುಟ್ಟು ಮಾತಾಡಬೇಕಾದಾಗ ಅಣ್ಣ ತಂಗಿ ಕನ್ನಡಕ್ಕೆ ಹೊರಳುತ್ತಿದ್ದರು. ಅವತ್ತು ಆ ಉಪಾಯ ಕೆಟ್ಟಿತು, ನನಗೆ ಒಳಕೋಣೆಯ ಬಾಗಿಲು ತೆರೆಯಿತು.

ಸಾಬಿರಾಗೆ ಆಗ ಮೂವತ್ತೈದರ ಆಸುಪಾಸು. ಮದುವೆಯಾಗಿರಲಿಲ್ಲ. ಶಿಷ್ಯರೆಲ್ಲ ಆಕೆಯನ್ನು ಸಾಬಿರಾ ಆಪಾ ಎನ್ನುತ್ತಿದ್ದರು. ಆಪಾ ಎಂದರೆ ಅಕ್ಕ. ಇಸ್ಲಾಮಿನ ಪವಿತ್ರ ಗ್ರಂಥವನ್ನು ಮೊದಲಿನಿಂದ ಕೊನೆಯವರೆಗೆ ಬಾಯಿಪಾಠ ಮಾಡುವುದಕ್ಕೆ ಹಿಫ್ಜ್ ಎನ್ನುತ್ತಾರೆ. ಹಾಗೆ ಮಾಡಿದ ಹೆಂಗಸು ಹಾಫಿಜಾ. ಸಾಬಿರಾ ಹಾಫಿಜಾ ಆಗಿದ್ದು ರಾಯಚೂರಿನಲ್ಲಿ, ತಾಯಿಯ ಸೋದರತ್ತೆಯೊಬ್ಬರ ಹತ್ತಿರ ಕೂತು. ಈಗ ಆಕೆಯ ಶಿಷ್ಯೆಯರು ಬೇರೆ ಬೇರೆ ದೇಶಗಳಲ್ಲಿದ್ದರು. ಒಬ್ಬರ ಮುಖವನ್ನೂ ಆಕೆ ಕಂಡಿರಲಿಲ್ಲ, ಅವರೂ ಆಕೆಯದನ್ನು ಕಂಡಿರಲಿಲ್ಲ.

ಮಾತಾಡಿಸುವ ಮುನ್ನ ನಾವು ಇನ್ಫಾರ್ಮ್ಡ್ ಕನ್ಸೆಂಟ್ ಪಡೆಯಬೇಕು. ಏನು ಕೇಳುತ್ತೇವೆ, ಅದನ್ನು ಎಲ್ಲಿ ಬಳಸುತ್ತೇವೆ ಎಂದು ತಿಳಿಸಿ ಒಪ್ಪಿಗೆ ತೆಗೆದುಕೊಳ್ಳುವುದು ಎಂದರ್ಥ. ಯೂಸುಫ್ ಭಾಯಿ ಎಲ್ಲ ಕೇಳಿಸಿಕೊಂಡು ಎರಡೇ ಷರತ್ತು ಹಾಕಿದರು.

"ಹೆಸರು ಬರೀಬಾರದು. ನನ್ನ ತಂಗಿ ದನಿ ಟೇಪ್ ಮಾಡಬಾರದು. ಉಳಿದದ್ದು ನೋಡ್ರಿ, ಕೇಳ್ರಿ, ಅಡ್ಡಿ ಇಲ್ಲ."

ಒಪ್ಪಿದೆ. ಇಲ್ಲಿಯೂ ಹೆಸರುಗಳನ್ನು ಬದಲಾಯಿಸಿದ್ದೇನೆ.

ಮುಂದಿನ ತಿಂಗಳುಗಳಲ್ಲಿ ವಾರಕ್ಕೊಮ್ಮೆಯಾದರೂ ಬೆಳಗಿನ ಪಾಠಕ್ಕೆ ಹೋಗಿ ಕೂತೆ. ಹಿಮಾಯತ್‌ನಗರದ ನನ್ನ ಮನೆಯಿಂದ ಹೊರಟು ತಲುಪುವ ಹೊತ್ತಿಗೆ ಸಾಬಿರಾ ಬೆಳಗಿನ ನಮಾಜು ಮುಗಿಸಿ ಕಂಪ್ಯೂಟರಿನ ಮೇಲಿನ ಕಸೂತಿ ಬಟ್ಟೆ ಮಡಚಿಡುತ್ತಿದ್ದಳು. ಕ್ಯಾಮೆರಾ ಇರಲಿಲ್ಲ. ಕಿವಿಗೆ ಹೆಡ್‌ಫೋನ್, ಬಾಯಿಯ ಹತ್ತಿರ ಮೈಕು. ನನಗೂ ಕೇಳಿಸಲೆಂದು ಎರಡು ಪುಟ್ಟ ಸ್ಪೀಕರುಗಳನ್ನು ಜೋಡಿಸಿಕೊಟ್ಟಿದ್ದಳು. ಮಗು ಪಾಠ ಒಪ್ಪಿಸುತ್ತಿದ್ದಷ್ಟು ಹೊತ್ತೂ ಆಕೆ ಕಣ್ಣು ಮುಚ್ಚಿಕೊಂಡೇ ಇರುತ್ತಿದ್ದಳು. ತಪ್ಪಿದರೆ ಬೆರಳಿನಿಂದ ಮೈಕನ್ನು ಮೆಲ್ಲಗೆ ತಟ್ಟುವಳು. ಮಗು ಹಿಂದೆ ಹೋಗಿ ತಾನೇ ತಿದ್ದಿಕೊಳ್ಳಬೇಕು. ಮರೆತು ಪೂರ್ತಿ ನಿಂತುಬಿಟ್ಟರೆ ಮಾತ್ರ ಮುಂದಿನ ಒಂದು ಶಬ್ದ ಹೇಳುವಳು. ಅದಕ್ಕೆ ಲುಕ್ಮಾ ಎನ್ನುತ್ತಾರೆ.

"ಲುಕ್ಮಾ ಅಂದ್ರ ತುತ್ತು, ಅಕ್ಕಾರ," ಎಂದಳು ಒಮ್ಮೆ. "ಬಾಯಾಗ ಒಂದು ತುತ್ತು ಇಟ್ರ ಸಾಕು, ಮುಂದ ತಾವ ಉಣ್ತಾರ. ಭಾಳ ಕೊಟ್ರ ಕಲಿಯಂಗಿಲ್ಲ."

ಆಕೆಯ ಶಿಷ್ಯೆಯರಲ್ಲಿ ಶಿಕಾಗೋದ ಹಫ್ಸಾ ಎಂಬ ಹುಡುಗಿ ಎಲ್ಲರಿಗಿಂತ ಮುಂದಿದ್ದಳು. ಹನ್ನೊಂದು ವರ್ಷ. ಮೂರು ವರ್ಷಗಳಿಂದ, ಅಲ್ಲಿಯ ಸಂಜೆ ಇಲ್ಲಿಯ ಬೆಳಗಾಗುವ ಹೊತ್ತಿನಲ್ಲಿ, ದಿನವೂ ಪಾಠ ಒಪ್ಪಿಸುತ್ತಿದ್ದಳು. ತಂದೆ ಇಮ್ರಾನ್ ಸಾಹೇಬರು ಹೈದರಾಬಾದಿನವರೇ. ಅಲ್ಲಿ ಒಂದು ಔಷಧಿ ಅಂಗಡಿಯಲ್ಲಿ ಫಾರ್ಮಸಿಸ್ಟ್. ಅವರನ್ನು ನಾನು ಫೋನಿನಲ್ಲಿ ಸಂದರ್ಶನ ಮಾಡಿದ್ದೆ. ಆ ಚಳಿಗಾಲದಲ್ಲಿ ಹಫ್ಸಾಳ ಹಿಫ್ಜ್ ಪೂರ್ತಿಯಾಯಿತು. ಇನ್ನು ಉಳಿದದ್ದು ಕೊನೆಯ ಪರೀಕ್ಷೆ. ಬಂಧುಗಳೆಲ್ಲ ಸೇರಿದ ಸಭೆಯಲ್ಲಿ ಗುರು ಗ್ರಂಥದ ಯಾವುದೋ ಭಾಗದ ಮೊದಲ ಶಬ್ದ ಹೇಳುತ್ತಾರೆ, ಶಿಷ್ಯೆ ಅಲ್ಲಿಂದ ಮುಂದಕ್ಕೆ ಒಪ್ಪಿಸಬೇಕು. ಎಲ್ಲಿಂದ ಕೇಳುತ್ತಾರೆಂದು ಮೊದಲೇ ಗೊತ್ತಿರುವುದಿಲ್ಲ. ಗುರು ಕೇಳಿಸಿಕೊಂಡು ಒಪ್ಪಿದರೆ ಆಕೆ ಹಾಫಿಜಾ. ಗುರುವಿನ ಕಿವಿ ಇಲ್ಲದೆ ಇದು ಆಗುವಂತಿಲ್ಲ.

ಜನವರಿಯ ಒಂದು ಶನಿವಾರ ಬೆಳಿಗ್ಗೆ ಎಂದು ಗೊತ್ತಾಯಿತು. ಅಲ್ಲಿ ಆಗ ಶುಕ್ರವಾರ ರಾತ್ರಿಯ ಊಟದ ಹೊತ್ತು. ನಾನು ಒಂದು ದೊಡ್ಡ ಮಿಠಾಯಿ ಡಬ್ಬಿ ಹಿಡಿದುಕೊಂಡು ಮೆಹದಿಪಟ್ಟಣಂ ತಲುಪಿದಾಗ ಸಾಬಿರಾ ಸತ್ತುಹೋದ ಕಂಪ್ಯೂಟರಿನ ಮುಂದೆ ಕೂತಿದ್ದಳು. ರಸ್ತೆ ಅಗೆಯುವವರು ಕೇಬಲ್ ಕತ್ತರಿಸಿದ್ದರು. ಇಂಟರ್‌ನೆಟ್ಟೂ ಇಲ್ಲ, ಫೋನೂ ಇಲ್ಲ, ಇಡೀ ಗಲ್ಲಿಯದ್ದು ಅದೇ ಕಥೆ.

ಅಷ್ಟರಲ್ಲಿ ನನ್ನ ಮೊಬೈಲಿಗೆ ಇಮ್ರಾನ್ ಸಾಹೇಬರ ಕರೆ ಬಂತು. ಅವರ ಹತ್ತಿರ ಇದ್ದದ್ದು ಅದೊಂದೇ ಬೇರೆ ನಂಬರು. ಸಭೆ ಮುಂದಕ್ಕೆ ಹಾಕಬಹುದೇ ಎಂದು ಕೇಳಿದೆ. ಆಗದು ಎಂದು ಅವರು ದಖನಿಯಲ್ಲಿ ಕಾರಣ ಹೇಳಿದರು. ಅವರ ತಾಯಿಗೆ ಮರೆವಿನ ರೋಗ. ವರ್ಷದಿಂದ ಯಾರನ್ನೂ ಗುರುತಿಸುತ್ತಿಲ್ಲ, ತಿಂಗಳುಗಟ್ಟಲೆಯಿಂದ ಮಾತೂ ಇಲ್ಲ. ಎರಡು ಸಲ ಗ್ಯಾಸ್ ಹಚ್ಚಿಟ್ಟು ಮರೆತು ಮನೆಗೆ ಬೆಂಕಿ ಬೀಳುವುದರಲ್ಲಿತ್ತು. ಇಂಥವರನ್ನು ನೋಡಿಕೊಳ್ಳುವ ಒಂದು ಆರೈಕೆ ಕೇಂದ್ರದಲ್ಲಿ ಜಾಗ ಸಿಕ್ಕಿದೆ, ನಾಳೆ ಬೆಳಿಗ್ಗೆಯೇ ಕರೆದುಕೊಂಡು ಹೋಗಬೇಕು. "ಅಮ್ಮಿಗೆ ಏನೂ ತಿಳಿಯೋದಿಲ್ಲ, ಗೊತ್ತು," ಎಂದರು. "ಆದರೂ ಮನೆಯಲ್ಲಿ ಇದು ಅವಳ ಕೊನೆಯ ರಾತ್ರಿ. ಮೊಮ್ಮಗಳ ಸಭೆಯಲ್ಲಿ ಅವಳು ಕೂತಿರಬೇಕು ಅಂತ ನನ್ನ ಆಸೆ."

ನನ್ನ ಮೊಬೈಲಿನಲ್ಲೇ ಮಾಡೋಣವೆಂದು ಪ್ರಯತ್ನಿಸಿದೆವು. ಹಫ್ಸಾ ಎರಡು ಸಾಲು ಒಪ್ಪಿಸುವಷ್ಟರಲ್ಲಿ ದನಿ ಹರಿದು ಹರಿದು ಬರತೊಡಗಿತು. ಸಾಬಿರಾ ಫೋನು ನನ್ನ ಕೈಗೆ ಕೊಟ್ಟುಬಿಟ್ಟಳು.

"ಇದು ಆಗಂಗಿಲ್ಲ ಅಕ್ಕಾರ. ಒಂದು ಅಕ್ಷರ ಎಳದು ಹೇಳಿದ್ರ ಒಂದರ್ಥ, ಮೊಟಕು ಮಾಡಿದ್ರ ಇನ್ನೊಂದು. ನೆಟ್ಟಗ ಕೇಳಲಾರದ್ದನ್ನ ಕೇಳೀನಿ ಅಂತ ಹೆಂಗ ಒಪ್ಪಲಿ?"

ಆಗ ನನಗೆ ಆ ಸಾಫ್ಟ್‌ವೇರ್ ಕಂಪನಿ ನೆನಪಾಯಿತು. ಹೊರದೇಶದ ಕರೆಗಳಿಗೆಂದೇ ಅವರಿಗೆ ಪ್ರತ್ಯೇಕ ಲೈನುಗಳಿದ್ದವು, ಮಾತಾಡಲು ಪ್ರತ್ಯೇಕ ಕೋಣೆಗಳಿದ್ದವು. ಅಲ್ಲಿಯ ನೆಟ್‌ವರ್ಕ್ ನೋಡಿಕೊಳ್ಳುತ್ತಿದ್ದ ಪ್ರಶಾಂತ್ ಉಡುಪಿ ಕಡೆಯವನು. ನನ್ನ ಸಂದರ್ಶನಗಳಿಗೆ ಜನರನ್ನು ಒಟ್ಟುಹಾಕಿ ಕೊಡುತ್ತಿದ್ದವನೂ ಅವನೇ. ಫೋನು ಮಾಡಿ ವಿಷಯ ಹೇಳಿದೆ.

"ಕರ್ಕೊಂಡು ಬನ್ನಿ ಮೇಡಂ. ಶನಿವಾರ ಅಲ್ವಾ, ದೊಡ್ಡ ಕಾನ್ಫರೆನ್ಸ್ ರೂಮ್ ಖಾಲಿ ಉಂಟು. ನಮ್ಮ ಬಾಸಿಗೆ ನಾನು ಹೇಳ್ತೇನೆ," ಎಂದ.

ಸಮಸ್ಯೆ ಇದ್ದದ್ದು ಅಂಗಡಿಯಲ್ಲಿ. ಯೂಸುಫ್ ಭಾಯಿ ಕತ್ತರಿ ಹಿಡಿದುಕೊಂಡೇ ನಿಂತಿದ್ದರು. ತಂಗಿಯ ದನಿ ಟೇಪಿನಲ್ಲೂ ಉಳಿಯಬಾರದು ಎಂದವರು ಅವರು. ಈಗ ಅಪರಿಚಿತ ಗಂಡಸರಿರುವ ಕಚೇರಿಯೊಂದರಲ್ಲಿ ಆಕೆ ಬಾಯಿಬಿಟ್ಟು ಪಾಠ ಕೇಳಬೇಕೆಂದರೆ ಹೇಗೆ? ಸಾಬಿರಾ ಅವರ ಎದುರು ಹೋಗಿ ನಿಂತಳು.

"ಅಣ್ಣಾ, ಮೂರು ವರ್ಷ ಆ ಕೂಸಿನ ಪಾಠ ಕೇಳೀನಿ. ಜ್ವರ ಬಂದಾಗೂ ಕೇಳೀನಿ. ಇವತ್ತ ಒಂದಿನ ನನ್ನ ದನಿ ನಾಕು ಮಂದಿ ಕಿವಿಗೆ ಬಿದ್ರ ಏನಾತು? ಹಾಡಾ ಹಾಡಾಕ ಹೊಂಟಿಲ್ಲ ನಾನು. ನೀ ಬ್ಯಾಡ ಅಂದ್ರ ಕುಂದ್ರತೀನಿ. ಆದರ ಆ ಕೂಸಿಗೆ ಏನ್ ಹೇಳಬೇಕು ಅದನ್ನೂ ನೀನ ಹೇಳು."

ಯೂಸುಫ್ ಭಾಯಿ ತಂಗಿಯ ಮುಖ ನೋಡಿದರು. ಕತ್ತರಿಯನ್ನು ಮೇಜಿನ ಮೇಲಿಟ್ಟು ಅಂಗಡಿಯ ಷಟರ್ ಎಳೆದರು.

ನನ್ನ ಹಳೆಯ ಕಾರಿನಲ್ಲಿ ಹೊರಟೆವು. ಅಣ್ಣ ಮುಂದೆ, ತಂಗಿ ಹಿಂದೆ. ಅಗೆದ ರಸ್ತೆ, ದಾರಿಯುದ್ದಕ್ಕೂ ಸಿಡಿಸಿದ ಬಂಡೆಗಳ ಧೂಳು. ಸಾಬಿರಾ ಇಡೀ ದಾರಿ ತುಟಿಯಾಡಿಸುತ್ತ ಬಂದಳು. ಹಫ್ಸಾಳಿಗೆ ಎಲ್ಲಿಂದ ಕೇಳಬೇಕೆಂದು ಆರಿಸಿಕೊಳ್ಳುತ್ತಿದ್ದಳಂತೆ.

ಗೇಟಿನಲ್ಲಿ ಇನ್ನೊಂದು ತೊಡಕು. ಹೊರಗಿನವರು ಒಳಗೆ ಹೋಗಬೇಕಾದರೆ ಮುಖದ ಫೋಟೋ ಇರುವ ಪಾಸು ಬೇಕು. ಸೆಕ್ಯುರಿಟಿಯವನು ಕ್ಯಾಮೆರಾ ತೋರಿಸಿ, ನಕಾಬು ತೆಗೆಯಲು ಹೇಳಿದ. ಸಾಬಿರಾ ಒಂದು ಹೆಜ್ಜೆ ಹಿಂದೆ ಸರಿದಳು. ಯೂಸುಫ್ ಭಾಯಿಯ ಮುಖ ಬಿಗಿಯಿತು. ಇನ್ನೇನು ತಿರುಗಿ ಹೊರಟೇಬಿಡುತ್ತಾರೆ ಎನ್ನಿಸಿತು. ಅಷ್ಟರಲ್ಲಿ ಪ್ರಶಾಂತ್ ಓಡಿಬಂದ. ಮಹಿಳಾ ಸಿಬ್ಬಂದಿಯೊಬ್ಬರನ್ನು ಕರೆಸಿದ. ಆಕೆ ಸಾಬಿರಾಳನ್ನು ಪಕ್ಕದ ಕೋಣೆಗೆ ಕರೆದುಕೊಂಡು ಹೋಗಿ ಮುಖ ನೋಡಿ ಬಂದರು.

"ಫೋಟೋ ಬೇಡ. ಜವಾಬ್ದಾರಿ ನನ್ನ ಹೆಸರಲ್ಲಿ ಹಾಕಿ," ಎಂದ ಪ್ರಶಾಂತ್.

ಕಾನ್ಫರೆನ್ಸ್ ಕೋಣೆಗೆ ಮೂರು ಕಡೆ ಗಾಜಿನ ಗೋಡೆ. ಉದ್ದನೆಯ ಮೇಜಿನ ನಡುವೆ ಮೂರು ಕಾಲು ಚಾಚಿದ ನಕ್ಷತ್ರದಂಥ ಸ್ಪೀಕರ್ ಫೋನು. ಗೋಡೆಯ ಮೇಲೆ ಸಾಲಾಗಿ ಗಡಿಯಾರಗಳು, ಒಂದೊಂದು ಊರಿಗೆ ಒಂದೊಂದು. ಸಾಬಿರಾ ಅವನ್ನು ನೋಡಿ ನಿಂತಳು. ನಾನು ವಿವರಿಸುವ ಮೊದಲೇ ಒಂದರತ್ತ ಬೆರಳು ಮಾಡಿ, "ಇದು ಹಫ್ಸಾಂದು. ರಾತ್ರಿ ಇಶಾ ನಮಾಜು ಆಗೇತಿ ಅಲ್ಲಿ," ಎಂದಳು. ಖುಷಿಯಾಗಿತ್ತು ಆಕೆಗೆ.

ಆಕೆ ಮೇಜಿನ ತುದಿಗೆ ಕೂತಳು. ನಾನು ಪಕ್ಕದಲ್ಲಿ. ಯೂಸುಫ್ ಭಾಯಿ ಒಳಗೆ ಬರಲಿಲ್ಲ. ತೆರೆದ ಬಾಗಿಲಿಗೆ ಬೆನ್ನು ಮಾಡಿ, ಕಾವಲಿನವರಂತೆ ನಿಂತರು. ಪ್ರಶಾಂತ್ ಚಪ್ಪಲಿಯನ್ನು ಹೊರಗೆ ಬಿಟ್ಟು ಒಳಗೆ ಬಂದ. ಯಾರೂ ಅವನಿಗೆ ಹೇಳಿರಲಿಲ್ಲ. ಕರೆ ಜೋಡಿಸಿ ಮೂಲೆಯಲ್ಲಿ ನಿಂತ. ನನ್ನ ಟೇಪ್ ರೆಕಾರ್ಡರು ಕಾರಿನಲ್ಲೇ ಇತ್ತು.

ಕರೆ ಹೋಯಿತು. ಮೊದಲು ಸಭೆಯ ಗದ್ದಲ, ಕುರ್ಚಿಗಳ ಸದ್ದು, ಅಳುವ ಒಂದು ಕೂಸು. ಆಮೇಲೆ ಹಫ್ಸಾಳ ಸಲಾಮು ಎಷ್ಟು ಸ್ವಚ್ಛವಾಗಿ ಬಂತೆಂದರೆ ನಾವೆಲ್ಲ ಬೆಚ್ಚಿದೆವು. ಹುಡುಗಿ ಇದೇ ಮೇಜಿನ ಇನ್ನೊಂದು ತುದಿಯಲ್ಲಿ ಕೂತಿದ್ದಾಳೆ ಎನ್ನುವ ಹಾಗಿತ್ತು. ಉಸಿರು ಎಳೆದುಕೊಂಡದ್ದೂ ಕೇಳಿಸಿತು.

ಸಾಬಿರಾ ಕಣ್ಣು ಮುಚ್ಚಿ ಮೊದಲ ಶಬ್ದ ಕೊಟ್ಟಳು. ಹಫ್ಸಾ ಹಿಡಿದುಕೊಂಡಳು. ಎರಡನೆಯದು ಗ್ರಂಥದ ಇನ್ನೆಲ್ಲಿಯದೋ. ಅದನ್ನೂ ಹಿಡಿದುಕೊಂಡಳು. ಆ ಭಾಷೆ ನನಗೆ ಬಾರದು. ಅರ್ಥ ತಿಳಿಯದೆಯೂ ಆ ಮಗು ಎಲ್ಲೂ ತಡವರಿಸದೆ ಏರಿಳಿಯುತ್ತಿದ್ದದ್ದು ತಿಳಿಯುತ್ತಿತ್ತು. ಗಾಜಿನ ಆಚೆ ಇಬ್ಬರು ಇಂಜಿನಿಯರುಗಳು ಕಾಫಿ ಲೋಟ ಹಿಡಿದು ಹೋಗುತ್ತಿದ್ದವರು ನಿಂತರು.

ಮೂರನೆಯ ಸಲ ಸಾಬಿರಾ ಕೊಟ್ಟದ್ದು ಕಷ್ಟದ ಜಾಗ. ಗ್ರಂಥದಲ್ಲಿ ಕೆಲವು ಸಾಲುಗಳು ಎರಡು ಕಡೆ ಒಂದೇ ರೀತಿ ಶುರುವಾಗಿ ಆಮೇಲೆ ಬೇರೆ ಬೇರೆ ದಾರಿ ಹಿಡಿಯುತ್ತವೆ. ಅಲ್ಲಿ ಎಂಥವರೂ ಒಂದರಿಂದ ಇನ್ನೊಂದಕ್ಕೆ ಜಾರುವುದುಂಟು ಎಂದು ಆಕೆ ನನಗೆ ಹೇಳಿದ್ದಳು. ಹಫ್ಸಾ ಆ ಕವಲಿನವರೆಗೆ ಬಂದಳು. ನಿಂತಳು. ಹಿಂದೆ ಹೋಗಿ ಇನ್ನೊಮ್ಮೆ ಬಂದಳು. ಮತ್ತೆ ಅಲ್ಲೇ ನಿಂತಳು.

ಸಾಬಿರಾ ತುಸು ಕಾದು ಒಂದು ಶಬ್ದ ಹೇಳಿದಳು. ಆ ಕಡೆಯಿಂದ ಉತ್ತರವಿಲ್ಲ. ಮತ್ತೆ ಹೇಳಿದಳು, ಸ್ವಲ್ಪ ಜೋರಾಗಿ. ಹಫ್ಸಾ ನಡುಗುವ ದನಿಯಲ್ಲಿ, "ಆಪಾ?" ಎಂದಳು. "ಆಪಾ, ಆಪ್ ಹೈ ನಾ?" ನೀವು ಇದ್ದೀರಿ ತಾನೇ ಎಂದು ಕೇಳುತ್ತಿದ್ದಳು. ಅಲ್ಲಿಯ ಸದ್ದು ನಮಗೆ ಬರುತ್ತಿತ್ತು, ನಮ್ಮ ಸದ್ದು ಅಲ್ಲಿಗೆ ಹೋಗುತ್ತಿರಲಿಲ್ಲ. ಪ್ರಶಾಂತ್ ಧಾವಿಸಿ ಬಂದು ಫೋನಿನ ಗುಂಡಿಗಳನ್ನು ಒತ್ತತೊಡಗಿದ, ಮೇಜಿನ ಕೆಳಗೆ ಬಗ್ಗಿ ತಂತಿ ಎಳೆದು ನೋಡಿದ. ಸಾಬಿರಾ ಮೇಜಿನ ಮೇಲೆ ಬಾಗಿ, ದನಿಯ ಬಗ್ಗೆ ಯಾವ ಸಂಕೋಚವೂ ಇಲ್ಲದೆ, ಆ ಒಂದೇ ಶಬ್ದವನ್ನು ಕೂಗಿ ಕೂಗಿ ಹೇಳುತ್ತಿದ್ದಳು. ಅಲ್ಲಿ ಸಭೆಯಲ್ಲಿ ಗುಸುಗುಸು ಎದ್ದಿತು. ಹಫ್ಸಾ ಅಳುವುದಕ್ಕೆ ಶುರುಮಾಡಿದ್ದಳು.

ಆಗ ಇನ್ನೊಂದು ದನಿ ಕೇಳಿಸಿತು.

ಮುದಿ ದನಿ, ಒಣಗಿದ್ದು, ಬಹಳ ದಿನ ಮುಚ್ಚಿದ್ದ ಬಾಗಿಲು ತೆರೆದ ಹಾಗೆ. ಅದು ಹೇಳಿದ್ದು ಒಂದು ಶಬ್ದ. ಸಾಬಿರಾ ಇಲ್ಲಿ ಕೂಗುತ್ತಿದ್ದ ಅದೇ ಶಬ್ದ.

ಸಾಬಿರಾ ಕೂಗುವುದನ್ನು ನಿಲ್ಲಿಸಿದಳು. ಸಭೆಯೂ ಸ್ತಬ್ಧವಾಯಿತು. ಆ ದನಿ ಮತ್ತೆ ಅದೇ ಶಬ್ದ ಹೇಳಿ, ಮಗು ಹಿಡಿದುಕೊಳ್ಳಲಿಲ್ಲವೆಂದು ತಾನೇ ಮುಂದುವರಿಯಿತು. ಒಂದು ಸಾಲು, ಇನ್ನೊಂದು ಸಾಲು. ಹಿಂದಿನಿಂದ ಇಮ್ರಾನ್ ಸಾಹೇಬರು "ಅಮ್ಮೀ" ಎಂದದ್ದು ಕೇಳಿಸಿತು, ಅಷ್ಟೇ. ಆಮೇಲೆ ಹಫ್ಸಾಳ ದನಿ ಆ ಮುದಿ ದನಿಯ ಕೆಳಗೆ ಸೇರಿಕೊಂಡಿತು. ಮೊದಲು ಮೆಲ್ಲಗೆ, ಅಳು ನುಂಗುತ್ತ, ಆಮೇಲೆ ಗಟ್ಟಿಯಾಗಿ. ಅಜ್ಜಿ ಮೊಮ್ಮಗಳು ಒಟ್ಟಿಗೆ ಒಪ್ಪಿಸತೊಡಗಿದರು.

ಸಾಬಿರಾ ನನ್ನ ಕೈ ಹಿಡಿದಿದ್ದಳು. "ಒಂದಕ್ಷರ ತಪ್ಪಿಲ್ಲ," ಎಂದು ಪಿಸುಗುಟ್ಟಿದಳು. "ಅಕ್ಕಾರ, ಒಂದಕ್ಷರ ತಪ್ಪಿಲ್ಲ." ಬಾಗಿಲಲ್ಲಿ ಬೆನ್ನು ತಿರುಗಿಸಿ ನಿಂತಿದ್ದ ಯೂಸುಫ್ ಭಾಯಿ ಯಾವಾಗಲೋ ನಮ್ಮ ಕಡೆ ತಿರುಗಿದ್ದರು. ಪ್ರಶಾಂತ್ ಮೇಜಿನ ಕೆಳಗೆ ತಂತಿ ಹಿಡಿದುಕೊಂಡು ಕೂತವನು ಹಾಗೆಯೇ ಕೂತಿದ್ದ. ಗಾಜಿನ ಆಚೆಯ ಇಬ್ಬರಿಗೆ ಏನು ನಡೆಯುತ್ತಿದೆ ಎಂದು ತಿಳಿದಿರುವುದು ಸಾಧ್ಯವಿರಲಿಲ್ಲ. ಆದರೂ ಅವರು ಕದಲಲಿಲ್ಲ. ನಾನು ಪೂಜೆ ಪುನಸ್ಕಾರದವಳಲ್ಲ. ಆ ಕೋಣೆಯಲ್ಲಿ ಮಾತ್ರ, ನನಗಿಂತ ಬಹಳ ದೊಡ್ಡದಾದ ಏನೋ ಒಂದರ ಅಂಚಿನಲ್ಲಿ ನಿಂತಿದ್ದೇನೆ ಎನ್ನಿಸಿತು. ಆ ಮಾತನ್ನು ಕಡಿಮೆ ಮಾಡಿ ಹೇಳಲು ಇವತ್ತಿಗೂ ಮನಸ್ಸಿಲ್ಲ.

ಆ ಭಾಗ ಮುಗಿಯಿತು. ಎರಡು ದನಿಗಳೂ ಒಟ್ಟಿಗೆ ನಿಂತವು. ಆಗ ಆ ಅಜ್ಜಿ ದಖನಿಯಲ್ಲಿ, ಪಕ್ಕದವರನ್ನು ವಿಚಾರಿಸುವಂತೆ ಕೇಳಿದರು:

"ಕಿಸ್ಕೀ ಬಚ್ಚೀ ಹೈ ಯೇ? ಅಚ್ಛಾ ಪಢ್ತೀ."

ಯಾರ ಮಗು ಇದು, ಚೆನ್ನಾಗಿ ಒಪ್ಪಿಸುತ್ತದೆ ಎಂದರ್ಥ. ಮರೆವು ಎಲ್ಲೂ ಹೋಗಿರಲಿಲ್ಲ. ಮಗ, ಮೊಮ್ಮಗಳು, ಮನೆ ಎಲ್ಲವನ್ನೂ ಅದು ಒಯ್ದಿತ್ತು. ಇದೊಂದನ್ನು ಮುಟ್ಟಿರಲಿಲ್ಲ.

ಹಫ್ಸಾ ಒಂದು ಕ್ಷಣವೂ ತಡಮಾಡಲಿಲ್ಲ.

"ಆಪ್‌ಕೀಚ್ ಹೂಂ, ದಾದೀ," ಎಂದಳು. ನಿಮ್ಮದೇ, ಅಜ್ಜಿ.

ಪ್ರಶಾಂತ್ ಕೊನೆಗೆ ಫೋನನ್ನೇ ಬದಲಾಯಿಸಿ ಮತ್ತೆ ಕರೆ ಜೋಡಿಸಿಕೊಟ್ಟ. ಈಗ ನಮ್ಮ ದನಿಯೂ ಅಲ್ಲಿಗೆ ಮುಟ್ಟಿತು. ಇಮ್ರಾನ್ ಸಾಹೇಬರು ಮಾತಾಡಲಾರದೆ ಮಾತಾಡುತ್ತಿದ್ದರು. ತಾಯಿ ದಿನಾ ಮುಂಜಾನೆ ಗ್ರಂಥ ಹಿಡಿದು ಕೂರುತ್ತಿದ್ದದ್ದನ್ನು ಹುಟ್ಟಿದಾಗಿನಿಂದ ನೋಡಿದ್ದರಂತೆ. ನೋಡಿ ಓದುತ್ತಿದ್ದಾಳೆ ಎಂದೇ ಎಲ್ಲರೂ ತಿಳಿದಿದ್ದರು. ಅದೆಲ್ಲ ಆಕೆಗೆ ಬಾಯಿಪಾಠ ಇತ್ತು ಎಂಬುದನ್ನು ಆಕೆ ಯಾರಿಗೂ ಹೇಳಿರಲಿಲ್ಲ, ಯಾರೂ ಕೇಳಿಯೂ ಇರಲಿಲ್ಲ. ಸಾಬಿರಾ ಅವರ ಮಾತು ಮುಗಿಯುವವರೆಗೆ ಕಾದು, ಹಫ್ಸಾಳನ್ನು ಫೋನಿಗೆ ಕರೆಯಲು ಹೇಳಿದಳು. ಇನ್ನೂ ಎರಡು ಕಡೆಯಿಂದ ಪಾಠ ಕೇಳಿದಳು. ಹುಡುಗಿ ಎಲ್ಲೂ ನಿಲ್ಲಲಿಲ್ಲ. ಒಪ್ಪಿಗೆ ಕೊಟ್ಟ ಮೇಲೆ ಸಾಬಿರಾ ಒಂದು ಮಾತು ಹೇಳಿದಳು. ಬಾಯಿಪಾಠ ಮಾಡಿದ್ದನ್ನು ದಿನವೂ ಯಾರಿಗಾದರೂ ಒಪ್ಪಿಸುತ್ತಿರಬೇಕು, ಇಲ್ಲದಿದ್ದರೆ ಅದು ಜಾರಿಹೋಗುತ್ತದೆ. ನಾಳೆಯಿಂದ ನನಗಲ್ಲ, ನಿನ್ನ ಅಜ್ಜಿಗೆ ಒಪ್ಪಿಸು. ಅವರು ಎಲ್ಲಿದ್ದರೂ ಫೋನಿನಲ್ಲಿ ಒಪ್ಪಿಸು.

ಮೂರು ವರ್ಷ ತಾನು ಸಾಕಿದ ಶಿಷ್ಯೆಯನ್ನು ಹಾಗೆ ಬಿಟ್ಟುಕೊಟ್ಟು, ಬಾಗಿಸಿದ್ದ ತಲೆ ಎತ್ತಿ, ಅಣ್ಣನನ್ನು ಕನ್ನಡದಲ್ಲಿ ಕೇಳಿದಳು: "ಹೋಗೋಣೇನು?"

ವಾಪಸು ಮೆಹದಿಪಟ್ಟಣಂನಲ್ಲಿ ಇಳಿದ ಮೇಲೆ ಯೂಸುಫ್ ಭಾಯಿ ನನ್ನ ಕಿಟಕಿಯ ಹತ್ತಿರ ಬಂದರು. "ಇದನ್ನ ಬರೀರಿ," ಎಂದರು. "ಟೇಪ್ ಮಾಡಬ್ಯಾಡ್ರಿ ಅಂದಿದ್ದೆ. ಬರೀಬ್ಯಾಡ್ರಿ ಅಂದಿಲ್ಲ."

ಸಾಬಿರಾ ಹೇಳಿದಂತೆಯೇ ಹಫ್ಸಾ ಮಾಡಿದಳು. ಮುಂದೆ ಇಮ್ರಾನ್ ಸಾಹೇಬರು ನನಗೆ ಆಗಾಗ ಸುದ್ದಿ ತಿಳಿಸುತ್ತಿದ್ದರು. ಆರೈಕೆ ಕೇಂದ್ರದ ನರ್ಸ್ ಸಂಜೆ ಅಜ್ಜಿಯ ಕಿವಿಗೆ ಫೋನು ಹಿಡಿದರೆ ಅವರು ತಾವೇ ಅದನ್ನು ಕೈಗೆ ತೆಗೆದುಕೊಂಡು ಪಾಠ ಮುಗಿಯುವವರೆಗೆ ಬಿಡುತ್ತಿರಲಿಲ್ಲವಂತೆ. ಹೆಚ್ಚಿನ ದಿನ ಮೌನ. ಹುಡುಗಿ ಎಲ್ಲಾದರೂ ಎಡವಿದರೆ ಮಾತ್ರ, ಕೆಲವೊಮ್ಮೆ, ಆ ಒಂದು ತುತ್ತು. ಅಜ್ಜಿ ಬದುಕಿದ್ದ ಎರಡು ವರ್ಷವೂ ಹೀಗೇ ನಡೆಯಿತು. ಆ ಹುಡುಗಿ ಯಾರ ಮಗು ಎಂಬುದು ಅವರಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ.

ನಾನು ವರದಿಯಲ್ಲಿ ಇದಕ್ಕೆ ಒಂದೂವರೆ ಪುಟ ಕೊಟ್ಟೆ. ಹೊರದೇಶದ ಸಹೋದ್ಯೋಗಿಯೊಬ್ಬರು ಓದಿ, ಧ್ವನಿಮುದ್ರಣ ಇದೆಯೇ ಎಂದು ಕೇಳಿದರು. ಇಲ್ಲ ಎಂದೆ. ನಮ್ಮ ಊಹೆಯನ್ನು ಇದು ಸಮರ್ಥಿಸುತ್ತದೆಯೋ ಅಲ್ಲಗಳೆಯುತ್ತದೆಯೋ ಎಂದು ಕೇಳಿದರು. ಅದಕ್ಕೂ ಉತ್ತರ ಕಷ್ಟವಾಯಿತು. ತಂತಿ ಇಲ್ಲದಿದ್ದರೆ ಆ ಮಗು ಕಲಿಯುತ್ತಲೇ ಇರಲಿಲ್ಲ. ತಂತಿ ಕೈಕೊಡದಿದ್ದರೆ ಅಜ್ಜಿ ಬಾಯಿ ತೆರೆಯುತ್ತಲೇ ಇರಲಿಲ್ಲ. ಜಾಗತೀಕರಣ ಶ್ರದ್ಧೆಗೆ ಏನು ಮಾಡಿತು ಎಂದು ಬಾಣದ ಗುರುತು ಎಳೆದು ತೋರಿಸುವ ನಮ್ಮ ಚಿತ್ರದಲ್ಲಿ ಇದನ್ನು ಎಲ್ಲಿ ಕೂರಿಸಬೇಕೆಂದು ನನಗೆ ಹೊಳೆಯಲಿಲ್ಲ. ಕೊನೆಗೆ ನಡೆದದ್ದನ್ನು ನಡೆದ ಹಾಗೆ ಬರೆದು, ವಿಶ್ಲೇಷಣೆ ಎಂಬ ಶೀರ್ಷಿಕೆಯ ಕೆಳಗೆ, ಇದನ್ನು ವಿವರಿಸಲು ಈ ಸಂಶೋಧಕಿಗೆ ಸಾಧ್ಯವಾಗಿಲ್ಲ ಎಂದು ಒಂದು ಸಾಲು ಸೇರಿಸಿದೆ. ಆ ಸಾಲನ್ನು ತೆಗೆದುಬಿಡಿ ಎಂಬ ಸಲಹೆ ಬಂತು. ತೆಗೆಯಲಿಲ್ಲ.

ಮೂವತ್ತು ವರ್ಷದ ನೌಕರಿಯಲ್ಲಿ ಜನರ ನಂಬಿಕೆಯನ್ನು ಅಳೆಯಲು, ವಿಂಗಡಿಸಲು, ಹೆಸರಿಡಲು ಬೇಕಾದ ಉಪಕರಣಗಳನ್ನೆಲ್ಲ ಕಲಿತೆ, ಕಲಿಸಿದೆ. ಅವು ಬೇಕು. ಅಳತೆಗೆ ಸಿಗದ್ದು ಎದುರಾದಾಗ ಅದನ್ನು ಕತ್ತರಿಸಿ ಅಳತೆಗೆ ಹೊಂದಿಸಬಾರದು, ಅದರ ಮುಂದೆ ಸ್ವಲ್ಪ ಹೊತ್ತು ಸುಮ್ಮನೆ ಕೂರಬೇಕು ಎಂಬುದನ್ನು ಮಾತ್ರ ಆ ಶನಿವಾರ ಕಲಿಸಿತು. ನನ್ನ ಹತ್ತಿರ ಸಂಶೋಧನೆಗೆ ಬಂದವರಿಗೆಲ್ಲ ಅದನ್ನೇ ಹೇಳಿದೆ. ಕೆಲವರು ಒಪ್ಪಿದರು, ಕೆಲವರು ಮೇಡಂಗೆ ವಯಸ್ಸಾಯಿತು ಎಂದು ನಕ್ಕರು.